ಅನ್ನನಾಳದ ಅರ್ಬುದ: ದಾಖಲೆ ಪುಸ್ತಕದಿಂದ ವಂಶವಾಹಿಯವರೆಗೆ

ನಮ್ಮ ಹೊಸಕೋಟೆ, ದೇವನಹಳ್ಳಿ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಆದುದರಿಂದ ಅನ್ನನಾಳದ ಅರ್ಬುದವು ಇಲ್ಲಿ ಮೊದಲು ತಿಳಿಯುವುದು ಊಟದ ತಟ್ಟೆಯ ಮುಂದೆಯೇ. 'ಮುದ್ದೆ ಇಳಿಯುತ್ತಿಲ್ಲ' ಎಂದು ಗಂಜಿಗೆ ಇಳಿದವರು ಎಷ್ಟೋ ತಿಂಗಳು ಅದರಲ್ಲಿಯೇ ಕಾಲ ತಳ್ಳುತ್ತಾರೆ. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳವು ಹಿಗ್ಗಬಲ್ಲದು. ಬಹುಪಾಲು ಕಿರಿದಾಗುವವರೆಗೂ ದೂರು ಹೇಳುವುದಿಲ್ಲ. ತೊಂದರೆ ಕಾಣಿಸುವ ವೇಳೆಗೆ ರೋಗವು ಬಲಿತಿರುತ್ತದೆ.

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಲ್ಲಿ ಆರಂಭವಾಯಿತು. 1982ರಿಂದ ಮುಂಬಯಿ, ಚೆನ್ನೈಗಳೊಡನೆ ಬೆಂಗಳೂರಿನಲ್ಲಿಯೂ ಜನಸಂಖ್ಯಾಧಾರಿತ ಅರ್ಬುದ ನೋಂದಣಿ ನಡೆದುಬಂದಿದೆ. ಅನ್ನನಾಳದ ಅರ್ಬುದವು ಇಲ್ಲಿನ ಗಂಡಸರಲ್ಲಷ್ಟೇ ಅಲ್ಲ, ಹೆಂಗಸರಲ್ಲಿಯೂ ಪ್ರಮುಖ ರೋಗವೆಂಬುದನ್ನು ತೋರಿಸಿಕೊಟ್ಟದ್ದು ಈ ನೋಂದಣಿಯೇ. ಎಲೆ, ಅಡಿಕೆ, ಕಡ್ಡಿಪುಡಿಗಳ ಚಟವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಗುಮಾಸ್ತಿಕೆಯ ಕೆಲಸವೆಂದು ಇಂಥ ದಾಖಲೆಯನ್ನು ಹಗುರವಾಗಿ ಕಾಣುವವರುಂಟು, ನನಗದು ಒಪ್ಪಿಗೆಯಿಲ್ಲ.

ಮುಂದಿನ ಹೆಜ್ಜೆ ಬಿದ್ದದ್ದು ಹೊಸಕೋಟೆಗೆ ಸಮೀಪದ ವೈಟ್‌ಫೀಲ್ಡಿನಲ್ಲಿ. 2002ರಲ್ಲಿ ಡಾ. ಅಖಿಲೇಶ್ ಪಾಂಡೆಯವರು ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸ್ಥಾಪಿಸಿದರು. ಅಲ್ಲಿನ ಸಂಶೋಧಕರು ಅನ್ನನಾಳದ ಗಡ್ಡೆಯಲ್ಲಿ ಯಾವ ವಂಶವಾಹಿಗಳು ಹೆಚ್ಚು ದುಡಿಯುತ್ತಿವೆ, ಯಾವುವು ಮಂಕಾಗಿವೆ ಎಂಬುದನ್ನು ಒಟ್ಟಾಗಿ ಅಳೆದು 2009ರಲ್ಲಿ ಪ್ರಕಟಿಸಿದರು.

ವಂಶವಾಹಿಯ ಅಭಿವ್ಯಕ್ತಿ ಎಂದರೇನು? ಶಾಲೆಯ ಎಲ್ಲ ಕೊಠಡಿಗಳಲ್ಲಿಯೂ ಒಂದೇ ಪಠ್ಯಪುಸ್ತಕವಿದೆ ಎಂದುಕೊಳ್ಳಿ. ಯಾವ ಕೊಠಡಿಯಲ್ಲಿ ಯಾವ ಪಾಠವನ್ನು ಓದುತ್ತಾರೆಂಬುದೇ ಮುಖ್ಯ. ಚರ್ಮದ ಕೋಶ, ಕಣ್ಣಿನ ಕೋಶ ಎರಡರಲ್ಲಿಯೂ ಪುಸ್ತಕ ಒಂದೇ. ಅರ್ಬುದ ಕೋಶವು ಮುಚ್ಚಿಡಬೇಕಾದ ಪಾಠವನ್ನು ಗಟ್ಟಿಯಾಗಿ ಓದತೊಡಗುತ್ತದೆ.

2010ರಲ್ಲಿ ಅದೇ ತಂಡವು ಪೆರಿಯೋಸ್ಟಿನ್, ಲ್ಯೂಮಿಕಾನ್ ಎಂಬೆರಡು ಪ್ರೋಟೀನುಗಳು ಈ ಗಡ್ಡೆಗಳಲ್ಲಿ ಹೆಚ್ಚಾಗಿರುವುದನ್ನು ವರದಿ ಮಾಡಿತು. ಪೆರಿಯೋಸ್ಟಿನ್ ಮೊದಲು ಪತ್ತೆಯಾದದ್ದು ಇಲಿಯ ಮೂಳೆ ಕಟ್ಟುವ ಕೋಶಗಳಲ್ಲಿ, 1993ರಲ್ಲಿ. ಲ್ಯೂಮಿಕಾನ್ ಕಣ್ಣಿನ ಪಾರದರ್ಶಕ ಪಟಲವನ್ನು ತಿಳಿಯಾಗಿಡುವಂಥದು! ಇವೆರಡೂ ಕೋಶದ ಹೊರಗಿನ ಹಂದರಕ್ಕೆ ಸೇರಿದವು. ಪೆರಿಯೋಸ್ಟಿನ್ ಕೋಶದ ಹೊರಮೈಯ ಇಂಟೆಗ್ರಿನ್‌ಗಳಿಗೆ ಅಂಟಿಕೊಂಡು ಕೋಶದ ಚಲನೆಗೆ ನೆರವಾಗುತ್ತದೆ. ಗಡ್ಡೆ ನೆರೆಯ ಅಂಗಾಂಶಕ್ಕೆ ನುಗ್ಗುವುದು ಬೀಜದ ಬಲದಿಂದಷ್ಟೇ ಅಲ್ಲ, ಮಣ್ಣಿನ ಸಹಕಾರದಿಂದಲೂ ಎಂಬ ಮಾತಿಗೆ ಇದು ಪುಷ್ಟಿ ನೀಡುತ್ತದೆ. ಅನ್ನನಾಳಕ್ಕೆ ಜಠರಕ್ಕಿರುವಂಥ ಹೊರಪೊರೆಯೂ ಇಲ್ಲದಿರುವುದರಿಂದ ಇಲ್ಲಿ ಆ ನುಗ್ಗುವಿಕೆಗೆ ತಡೆ ಕಡಿಮೆ.

ಆದರೂ ಇಂದಿಗೂ ರೋಗವು ಖಚಿತವಾಗುವುದು ಎಂಡೋಸ್ಕೋಪಿ ಮಾಡಿ, ತುಣುಕು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ. ಅದಕ್ಕಾದರೂ ರೋಗಿಯು ಗಂಜಿಗೆ ಇಳಿದ ತಿಂಗಳಲ್ಲಿಯೇ ಹೊರಟುಬರಬೇಕು.