ಕೆಲಸ ಕಲಿಸುವ ಹಾಳೆ: ಉದ್ಯೋಗಸ್ಥಳದ ತರಬೇತಿಯಲ್ಲಿ ಗ್ರಾಫಿಕ್ ವಿನ್ಯಾಸ

ವ್ಯಾಖ್ಯೆ

ಅಕ್ಷರ, ಚಿತ್ರ, ಬಣ್ಣ ಮತ್ತು ಖಾಲಿ ಜಾಗಗಳನ್ನು ಒಂದು ಉದ್ದೇಶಕ್ಕೆ ತಕ್ಕಂತೆ ಜೋಡಿಸುವ ಕಲೆ ಗ್ರಾಫಿಕ್ ವಿನ್ಯಾಸ. ಉದ್ಯೋಗಸ್ಥಳದ ಕಲಿಕಾ ಸಾಮಗ್ರಿಗಳಲ್ಲಿ ಆ ಉದ್ದೇಶ ಸ್ಪಷ್ಟ: ನೋಡಿದವರು ಕೆಲಸವನ್ನು ಸರಿಯಾಗಿ, ಅಪಾಯವಿಲ್ಲದೆ ಮಾಡಬೇಕು. ಯಂತ್ರದ ಪಕ್ಕ ತೂಗುಹಾಕಿದ ಸೂಚನಾ ಹಾಳೆ, ಗೋಡೆಯ ಸುರಕ್ಷತಾ ಫಲಕ, ಹೊಸಬರ ಕೈಪಿಡಿ, ಕಂಪ್ಯೂಟರ್ ಪರದೆಯ ಪಾಠ ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಅಲಂಕಾರ ಇಲ್ಲಿ ಗೌಣ. ಎಷ್ಟೋ ವೇಳೆ ಅದು ಅಡ್ಡಿಯೇ.

ಕಾರ್ಯವಿಧಾನ

ಮನುಷ್ಯನ ಕ್ಷಣಿಕ ಸ್ಮೃತಿಯಲ್ಲಿ ಒಮ್ಮೆಗೆ ಹಿಡಿಯುವ ವಿಷಯ ಅಲ್ಪ. ಆಸ್ಟ್ರೇಲಿಯಾದ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1988ರಲ್ಲಿ ಇದರ ಆಧಾರದ ಮೇಲೆ ಅರಿವಿನ ಹೊರೆಯ ಸಿದ್ಧಾಂತವನ್ನು ಮಂಡಿಸಿದರು. ಚಿತ್ರ ಒಂದು ಪುಟದಲ್ಲಿ, ವಿವರಣೆ ಮತ್ತೊಂದರಲ್ಲಿ ಇದ್ದರೆ ಕಲಿಯುವವರ ಶಕ್ತಿ ಹುಡುಕಾಟದಲ್ಲೇ ವ್ಯಯವಾಗುತ್ತದೆ. ಆದ್ದರಿಂದ ಲೇತಿನ ಯಾವ ಹಿಡಿಯ ಬಗ್ಗೆ ಮಾತೋ ಆ ಹಿಡಿಯ ಚಿತ್ರಕ್ಕೆ ತಾಗಿಯೇ ಮಾತು ಇರಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಅನನುಭವಿಗಳಿಗೆ ಬೇಗ ಕೆಲಸ ಕಲಿಸಲು ಎರಡು ಕಾಲಂಗಳ ಹಾಳೆಯನ್ನು ಬಳಸಿದವು. ಒಂದರಲ್ಲಿ ಮುಖ್ಯ ಹಂತ, ಇನ್ನೊಂದರಲ್ಲಿ ಆ ಹಂತದಲ್ಲಿ ತಪ್ಪದೆ ಗಮನಿಸಬೇಕಾದ ಅಂಶ. ಮುಂದೆ ಜಪಾನಿನ ಕಾರ್ಖಾನೆಗಳು ಒಂದು ಪುಟಕ್ಕೆ ಒಂದೇ ವಿಷಯ ಎಂಬ ನಿಯಮದ ಕಿರುಪಾಠವನ್ನು ರೂಢಿಗೆ ತಂದವು. ಇಂದು ಕಾರ್ಖಾನೆಯವರ ಮಾತಿನಲ್ಲಿ ಅದು ‘ಓಪಿಎಲ್’ (ಒನ್ ಪಾಯಿಂಟ್ ಲೆಸನ್).

ಬಣ್ಣ ಮತ್ತು ಆಕಾರಗಳಿಗೂ ಅಂತರರಾಷ್ಟ್ರೀಯ ಮಾನಕವಿದೆ. ಐಎಸ್‌ಒ 7010ರ ಪ್ರಕಾರ ಹಳದಿ ತ್ರಿಕೋನ ಎಚ್ಚರಿಕೆ, ನೀಲಿ ವೃತ್ತ ಕಡ್ಡಾಯ, ಅಡ್ಡಗೆರೆಯ ಕೆಂಪು ವೃತ್ತ ನಿಷೇಧ, ಹಸಿರು ಚೌಕ ಅಥವಾ ಆಯತ ತುರ್ತು ದಾರಿಯಂಥ ಸುರಕ್ಷಿತ ಸ್ಥಿತಿ. ಬಣ್ಣದ ಜೊತೆ ಆಕಾರವೂ ಬೇರೆಯಾಗಿರುವುದರಿಂದ ಕೆಂಪು, ಹಸಿರುಗಳ ಭೇದ ಕಾಣದವರಿಗೂ ಅರ್ಥ ತಪ್ಪದು.

ಕನ್ನಡ ಲಿಪಿಯ ಅಗತ್ಯಗಳು

1948ರ ಕಾರ್ಖಾನೆಗಳ ಕಾಯ್ದೆಯ 108ನೇ ಪ್ರಕರಣವು, ಕಾಯ್ದೆಯನ್ವಯ ಹಾಕುವ ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ವಿಧಿಸಿತು. ಅವು ಸ್ವಚ್ಛವಾಗಿ, ಓದಲು ಬರುವಂತಿರಬೇಕೆಂಬ ಮಾತೂ ಅದರಲ್ಲಿತ್ತು. ಈ ಎರಡನೆಯ ಮಾತು ಸುಲಭವಾಗಿ ಮರೆತುಹೋಗುವಂಥದ್ದು.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಎಚ್ಚರಿಕೆಯ ಪದವನ್ನು ದೊಡ್ಡಕ್ಷರಗಳಲ್ಲಿ ಎತ್ತಿ ತೋರಿಸುವ ಇಂಗ್ಲಿಷ್ ಉಪಾಯ ಇಲ್ಲಿ ನಡೆಯದು. ಗಾತ್ರ, ದಪ್ಪ ಮತ್ತು ಬಣ್ಣಗಳೇ ಆ ಕೆಲಸ ಮಾಡಬೇಕು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಇಂಗ್ಲಿಷಿಗೆ ಇಟ್ಟ ಅಂತರವನ್ನೇ ಉಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ಪ ಮತ್ತು ಷ, ರ ಮತ್ತು ಠ ಮುಂತಾದ ಜೋಡಿಗಳನ್ನು ಬೇರ್ಪಡಿಸುವುದು ಒಂದು ಗೆರೆ ಅಥವಾ ಚುಕ್ಕೆ ಮಾತ್ರ. ಅತಿ ದಪ್ಪ ಅಚ್ಚಿನಲ್ಲಿ ಆ ಸೂಕ್ಷ್ಮ ತುಂಬಿಹೋಗುತ್ತದೆ. ಎಣ್ಣೆ ಮೆತ್ತಿದ ಹಾಳೆಯನ್ನು ನಾಲ್ಕಡಿ ದೂರದಿಂದ ಓದಬೇಕಾದ ಕಡೆ ಇದು ಸಣ್ಣ ದೋಷವಲ್ಲ. ಅಳತೆಗಳಿಗೆ ಮಾತ್ರ 1, 2, 3 ಎಂಬ ಅಂಕಿಗಳೇ ಲೇಸು, ಏಕೆಂದರೆ ಡ್ರಾಯಿಂಗ್‌ನಲ್ಲೂ ವರ್ನಿಯರ್‌ನಲ್ಲೂ ಇರುವುದು ಅವೇ.

ಬಳಕೆಯ ಕ್ಷೇತ್ರಗಳು

1970ರ ದಶಕದಲ್ಲಿ ರೂಪುಗೊಂಡ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಉತ್ತರ ಕರ್ನಾಟಕದವರ ಜೊತೆಗೆ ಬಿಹಾರ, ಒಡಿಶಾಗಳಿಂದ ಬಂದವರೂ ದುಡಿಯುತ್ತಾರೆ. ಕನ್ನಡ ಬಾರದವರಿಗೆ ಮೊದಲು ದಕ್ಕುವುದು ಚಿತ್ರ. ಕೈಗವಸು ಧರಿಸಿ ತಿರುಗುವ ಡ್ರಿಲ್ ಮುಟ್ಟಬಾರದೆಂಬುದನ್ನು ಎರಡು ರೇಖಾಚಿತ್ರಗಳು ಯಾವ ಭಾಷೆಯ ನೆರವೂ ಇಲ್ಲದೆ ಹೇಳಬಲ್ಲವು.

ಎಲೆಕ್ಟ್ರಾನಿಕ್ ಸಿಟಿಯಂಥ ಕಡೆಯ ಎಲೆಕ್ಟ್ರಾನಿಕ್ಸ್ ಜೋಡಣೆಗೆ ಐಪಿಸಿ-ಎ-610 ಎಂಬ ಮಾನಕ ಪ್ರಸಿದ್ಧ. ಬೆಸುಗೆ ಯಾವಾಗ ಒಪ್ಪತಕ್ಕದ್ದು, ಯಾವಾಗ ದೋಷಯುಕ್ತ ಎಂಬುದನ್ನು ಅದು ಲಿಖಿತ ಮಾನದಂಡದ ಜೊತೆಗೆ ಚಿತ್ರಗಳ ಮೂಲಕವೂ ತೋರಿಸುತ್ತದೆ. ಇಲ್ಲಿ ಅಂತಿಮ ತೀರ್ಪು ಪಠ್ಯದ್ದೇ, ಚಿತ್ರವು ಅದನ್ನು ಕಣ್ಣಿಗೆ ಕಾಣಿಸುತ್ತದೆ.

ವೈಟ್‌ಫೀಲ್ಡ್‌ನ ತಂತ್ರಾಂಶ ಕಚೇರಿಗಳಲ್ಲಿ ಪಾಠ ಪರದೆಗೆ ಸರಿದಿದೆ. ದತ್ತಾಂಶ ಸುರಕ್ಷತೆ, ಲೈಂಗಿಕ ಕಿರುಕುಳ ತಡೆಯಂಥ ವಿಷಯಗಳು ಇಲ್ಲಿ ಸಾಮಾನ್ಯ. ಚಿತ್ರದ ಜೊತೆಗಿರುವ ಪರದೆಯ ವಾಕ್ಯವನ್ನೇ ಧ್ವನಿಯೂ ಓದಿದರೆ ಕಲಿಕೆ ಕುಗ್ಗುತ್ತದೆಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಚಿತ್ರವನ್ನು ಕಣ್ಣಿಗೂ ವಿವರಣೆಯನ್ನು ಕಿವಿಗೂ ಹಂಚುವುದು ಉತ್ತಮ ಕ್ರಮ. ಕಿವಿ ಕೇಳದವರಿಗಾಗಿ ಅಡಿಬರಹವನ್ನು ಬೇಕೆಂದಾಗ ತೆರೆಯುವ ಗುಂಡಿಯಾಗಿ ಇಡಲಾಗುತ್ತದೆ.