ಬಾಲಣ್ಣ: ಕಿವಿ ಕೇಳದಿದ್ದರೂ ಮಾತಿನಿಂದಲೇ ಗೆದ್ದ ಕಲಾವಿದ

ಕನ್ನಡ ಚಿತ್ರರಂಗದ ಹಿರಿಯ ಪೋಷಕ ನಟರ ಸಾಲಿನಲ್ಲಿ ಟಿ.ಎನ್. ಬಾಲಕೃಷ್ಣ ಅವರದು ಅಗ್ರಗಣ್ಯ ಹೆಸರು. ಚಿತ್ರರಸಿಕರಿಗೆ ಅವರು ಪ್ರೀತಿಯ ‘ಬಾಲಣ್ಣ’. ಖಳ, ಹಾಸ್ಯಗಾರ, ಜಿಪುಣ ಸಾಹುಕಾರ, ಮಮತೆಯ ಹಿರಿಯ, ಹೀಗೆ ಪಾತ್ರ ಯಾವುದೇ ಇರಲಿ ಅದಕ್ಕೆ ತಮ್ಮದೇ ಮುದ್ರೆಯೊತ್ತಿದ ಅವರು ಸುಮಾರು ಐದು ದಶಕಗಳ ಅವಧಿಯಲ್ಲಿ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಬಾಲ್ಯದಿಂದಲೂ ಶ್ರವಣದೋಷವಿದ್ದ ವ್ಯಕ್ತಿಯೊಬ್ಬರು ಸಂಭಾಷಣೆಯ ಬಲದಿಂದಲೇ ಜನಮನ ಗೆದ್ದದ್ದು ಅವರ ಬದುಕಿನ ಅಚ್ಚರಿಯಾದರೆ, ಕನ್ನಡಕ್ಕೊಂದು ಸ್ಟುಡಿಯೋ ಕಟ್ಟಲು ಹೊರಟು ಗಳಿಸಿದ್ದೆಲ್ಲವನ್ನೂ ಅದಕ್ಕೇ ಸುರಿದದ್ದು ಅದೇ ಬದುಕಿನ ದುರಂತ.

ರಂಗಭೂಮಿಯಿಂದ ಬೆಳ್ಳಿತೆರೆಗೆ

ಹಾಸನ ಜಿಲ್ಲೆಯ ಅರಸೀಕೆರೆ ಬಾಲಕೃಷ್ಣ ಅವರ ಹುಟ್ಟೂರು. ಬಡತನದಲ್ಲಿ ಬೆಳೆದ ಅವರನ್ನು ಕೈಹಿಡಿದು ನಡೆಸಿದ್ದು ವೃತ್ತಿ ರಂಗಭೂಮಿ. ಆ ಕಾಲದ ನಾಟಕ ಕಂಪನಿಗಳೇ ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಕಲಾವಿದರಿಗೆ ಪಾಠಶಾಲೆಗಳಾಗಿದ್ದವು. ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಮಾತನಾಡುವುದು, ಎದುರಿನ ಪಾತ್ರಧಾರಿಯ ಮಾತಿನ ಕೊನೆಯನ್ನು ಹಿಡಿದು ತನ್ನ ಮಾತನ್ನು ಆರಂಭಿಸುವುದು, ಸಂದರ್ಭ ಬಂದರೆ ಸ್ಥಳದಲ್ಲೇ ಸಂಭಾಷಣೆ ಹೊಸೆಯುವುದು, ಇವೆಲ್ಲ ಅಲ್ಲಿನ ನಿತ್ಯದ ಅಭ್ಯಾಸ. 1943ರಲ್ಲಿ ತೆರೆಕಂಡ ‘ರಾಧಾರಮಣ’ ಚಿತ್ರದ ಮೂಲಕ ಬಾಲಕೃಷ್ಣ ಬೆಳ್ಳಿತೆರೆಗೆ ಬಂದರು. ಮುಂದೆ ಅವರ ಸಹವರ್ತಿಯಾಗಲಿದ್ದ ಜಿ.ವಿ. ಅಯ್ಯರ್ ಅವರಿಗೂ ಅದೇ ಚಿತ್ರ ಚಿತ್ರರಂಗದ ಹೆಬ್ಬಾಗಿಲಾಯಿತು.

ಶ್ರವಣದೋಷವನ್ನು ಮೀರಿದ ಬಗೆ

ನಟನಿಗೆ ಎದುರಿನವರ ಮಾತು ಕೇಳಿಸದಿದ್ದರೆ ತನ್ನ ಮಾತನ್ನು ಎಲ್ಲಿ ಆರಂಭಿಸಬೇಕೆಂಬುದೇ ತಿಳಿಯದು. ಕ್ಷಣ ತಡವಾದರೆ ದೃಶ್ಯ ಕೆಡುತ್ತದೆ. ಕಚ್ಚಾ ಫಿಲ್ಮು ದುಬಾರಿಯಾಗಿದ್ದ ಕಾಲದಲ್ಲಿ ಮರುಚಿತ್ರೀಕರಣವೆಂದರೆ ನಿರ್ಮಾಪಕನಿಗೆ ನೇರ ನಷ್ಟ. ಬಾಲಕೃಷ್ಣ ಇದಕ್ಕೆ ಕಂಡುಕೊಂಡ ಮಾರ್ಗ ಸರಳವೂ ಕಠಿಣವೂ ಆಗಿತ್ತು. ತಮ್ಮ ಮಾತುಗಳ ಜೊತೆಗೆ ಸಹನಟರ ಮಾತುಗಳನ್ನೂ ಅವರು ಕಂಠಪಾಠ ಮಾಡುತ್ತಿದ್ದರು. ಎದುರಿನವರ ತುಟಿಯ ಚಲನೆಯನ್ನು ಗಮನಿಸಿ ಸರಿಯಾದ ಕ್ಷಣಕ್ಕೆ ಉತ್ತರಿಸುತ್ತಿದ್ದರು. ತೆರೆಯ ಮೇಲೆ ಅವರ ಕಣ್ಣುಗಳು ಎದುರಿನ ಪಾತ್ರದ ಮುಖದ ಮೇಲೆ ಸದಾ ನೆಟ್ಟಿರುವುದನ್ನು ಕಾಣಬಹುದು. ಆ ತೀಕ್ಷ್ಣ ನೋಟ ಖಳಪಾತ್ರಗಳಲ್ಲಿ ಸಂಚುಗಾರನ ಎಚ್ಚರವಾಗಿಯೂ ಹಾಸ್ಯಪಾತ್ರಗಳಲ್ಲಿ ಪೆಚ್ಚುತನವಾಗಿಯೂ ಕಾಣಿಸಿಕೊಂಡಿತು. ರಾಗವಾಗಿ ಎಳೆದು, ನಡುವೆ ತಟ್ಟನೆ ತುಂಡರಿಸುವ ಅವರ ಮಾತಿನ ಧಾಟಿ ಅನುಕರಣ ಕಲಾವಿದರಿಗೆ ಇಂದಿಗೂ ಅಚ್ಚುಮೆಚ್ಚು.

ಕಲಾವಿದರೇ ಕಟ್ಟಿದ ಸಂಘ

1950ರ ದಶಕದಲ್ಲಿ ವರ್ಷಕ್ಕೆ ಕೈಬೆರಳೆಣಿಕೆಯ ಕನ್ನಡ ಚಿತ್ರಗಳಷ್ಟೇ ತಯಾರಾಗುತ್ತಿದ್ದವು. ಕಲಾವಿದರಿಗೆ ಕೆಲಸವಿಲ್ಲದ ಆ ದಿನಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಕೈಜೋಡಿಸಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ನಾಡಿನಾದ್ಯಂತ ಸಂಚರಿಸಿ ನಾಟಕಗಳನ್ನು ಪ್ರದರ್ಶಿಸಿದರು. ಇದೇ ಸಂಘದ ಮೂಲಕ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ನಿರ್ಮಾಣವಾಯಿತು. ಎನ್.ಸಿ. ರಾಜನ್ ನಿರ್ದೇಶಿಸಿದ ಈ ಐತಿಹಾಸಿಕ ಚಿತ್ರದಲ್ಲಿ ಮೈಸೂರಿನ ದೊರೆಯಾಗಿ ರಾಜ್‌ಕುಮಾರ್ ಅಭಿನಯಿಸಿದರು. ಬಂಡವಾಳಗಾರರನ್ನು ಕಾಯುತ್ತಾ ಕೂರದೆ ಕಲಾವಿದರೇ ಸಾಹಸಕ್ಕಿಳಿದ ಈ ಪ್ರಯತ್ನ ಕನ್ನಡ ಚಿತ್ರೋದ್ಯಮಕ್ಕೆ ಆತ್ಮವಿಶ್ವಾಸ ತುಂಬಿತು.

ನೆನಪಿನಲ್ಲುಳಿದ ಪಾತ್ರಗಳು

ಕಪ್ಪು ಬಿಳುಪು ಚಿತ್ರಗಳ ಯುಗದಲ್ಲಿ ನರಸಿಂಹರಾಜು ಮತ್ತು ಬಾಲಕೃಷ್ಣ ಅವರ ಜೋಡಿ ಪ್ರೇಕ್ಷಕರನ್ನು ಚಿತ್ರಮಂದಿರಕ್ಕೆ ಸೆಳೆಯುತ್ತಿತ್ತು. ಕೃಶಕಾಯದ ನರಸಿಂಹರಾಜು ಚುರುಕು ಮಾತಿನಿಂದ ನಗಿಸಿದರೆ, ಬಾಲಕೃಷ್ಣ ತಮ್ಮ ಪಾತ್ರದ ದುರಾಸೆ, ಕುತಂತ್ರಗಳನ್ನೇ ನಗೆಯ ವಸ್ತುವಾಗಿಸಿದರು. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ಈ ಇಬ್ಬರೂ ಇದ್ದಾರೆ.

1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬಾಲಕೃಷ್ಣ ಅವರ ಇನ್ನೊಂದು ಮುಖವನ್ನು ತೋರಿಸಿತು. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ಈ ಚಿತ್ರದಲ್ಲಿ ಅವರದು ರಾಚೂಟಪ್ಪನ ಪಾತ್ರ. ಹಳ್ಳಿಗೆ ಬಂದು ಬೇಸಾಯಕ್ಕಿಳಿಯುವ ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಈ ಹಿತೈಷಿಯಲ್ಲಿ ಕುಟಿಲತೆಯ ಸುಳಿವೂ ಇಲ್ಲ. ವರ್ಷಗಟ್ಟಲೆ ಖಳನಾಗಿ ಬೈಸಿಕೊಂಡ ನಟ ಇಲ್ಲಿ ಮನೆಯ ಹಿರಿಯನಂತೆ ಆಪ್ತವಾದರು. 1973ರ ‘ಗಂಧದ ಗುಡಿ’, 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರಗಳ ತಾರಾಗಣದಲ್ಲೂ ಅವರಿದ್ದಾರೆ. ನಾಯಕನ ಹೆಸರಿನಲ್ಲಿ ಓಡಿದ ಚಿತ್ರಗಳಿಗೆ ಊರಿನ, ಮನೆಯ, ಸಂತೆಯ ವಾತಾವರಣವನ್ನು ಒದಗಿಸಿದವರು ಇಂಥ ಪೋಷಕ ನಟರೇ.

ಅಭಿಮಾನ್ ಸ್ಟುಡಿಯೋ

ಕನ್ನಡ ಚಿತ್ರಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳನ್ನೇ ಅವಲಂಬಿಸಿದ್ದವು. ಕಲಾವಿದರೂ ತಂತ್ರಜ್ಞರೂ ಅಲ್ಲಿಯೇ ನೆಲೆಸಬೇಕಿತ್ತು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು. 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಸ್ಥಾಪನೆಯಾಯಿತು. ಉದ್ಯಮ ತಾಯ್ನಾಡಿಗೆ ಮರಳಬೇಕೆಂಬ ಈ ಹಂಬಲದ ಕಾಲದಲ್ಲಿಯೇ ಬಾಲಕೃಷ್ಣ ಬೆಂಗಳೂರಿನ ಕೆಂಗೇರಿ ಸಮೀಪ ಸರ್ಕಾರ ನೀಡಿದ ಸುಮಾರು 20 ಎಕರೆ ಜಾಗದಲ್ಲಿ ಅಭಿಮಾನ್ ಸ್ಟುಡಿಯೋ ನಿರ್ಮಿಸಲು ಮುಂದಾದರು.

ಸ್ಟುಡಿಯೋ ನಡೆಸಲು ಜಾಗವೊಂದೇ ಸಾಲದು. ಚಿತ್ರೀಕರಣದ ಮಹಡಿ, ಕ್ಯಾಮೆರಾ, ದೀಪಗಳು, ಧ್ವನಿಗ್ರಹಣ ವ್ಯವಸ್ಥೆ, ಸಿಬ್ಬಂದಿಯ ಸಂಬಳ, ಎಲ್ಲಕ್ಕೂ ನಿರಂತರವಾಗಿ ಹಣ ಬೇಕು. ಪೋಷಕ ನಟನ ಸಂಭಾವನೆಗೆ ಇದು ಎಟುಕದ ಹೊರೆ. ಜೊತೆಗೆ ಹೊರಾಂಗಣ ಚಿತ್ರೀಕರಣ ಹೆಚ್ಚಿದಂತೆ ಸ್ಟುಡಿಯೋಗಳ ಬೇಡಿಕೆಯೇ ಕುಗ್ಗುತ್ತಾ ಬಂತು. ಗಳಿಕೆಯನ್ನೆಲ್ಲ ತೊಡಗಿಸಿದರೂ ಬಾಲಕೃಷ್ಣ ಬಯಸಿದ ಮಟ್ಟಕ್ಕೆ ಸ್ಟುಡಿಯೋ ಬೆಳೆಯಲಿಲ್ಲ. 1995ರ ಜುಲೈ 19ರಂದು ಅವರು ನಿಧನರಾದರು.

ಉಳಿದ ಪ್ರಶ್ನೆ

2009ರ ಡಿಸೆಂಬರ್ 30ರಂದು ನಿಧನರಾದ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಭಿಮಾನ್ ಸ್ಟುಡಿಯೋ ಆವರಣದಲ್ಲಿ ನಡೆಯಿತು. ಅಂದಿನಿಂದ ಆ ನೆಲ ಅಭಿಮಾನಿಗಳ ಶ್ರದ್ಧಾಕೇಂದ್ರವೂ ಆಯಿತು, ಕಾನೂನು ವಿವಾದದ ವಸ್ತುವೂ ಆಯಿತು. ವಿಷ್ಣುವರ್ಧನ್ ಅವರ ಅಧಿಕೃತ ಸ್ಮಾರಕ 2023ರ ಜನವರಿಯಲ್ಲಿ ಮೈಸೂರಿನಲ್ಲಿ ಲೋಕಾರ್ಪಣೆಗೊಂಡಿತು. 2025ರ ಆಗಸ್ಟ್‌ನಲ್ಲಿ ಸ್ಟುಡಿಯೋ ಆವರಣದಲ್ಲಿದ್ದ ಸಮಾಧಿಯನ್ನು ನೆಲಸಮಗೊಳಿಸಿದಾಗ ವ್ಯಾಪಕ ಆಕ್ರೋಶ ವ್ಯಕ್ತವಾಯಿತು. ಸ್ಟುಡಿಯೋ ಉದ್ದೇಶಕ್ಕೆಂದು ಕೊಟ್ಟ ಜಾಗವನ್ನು ಹಿಂಪಡೆಯಲು ಸರ್ಕಾರದ ಮಟ್ಟದಲ್ಲಿ ಕ್ರಮಗಳೂ ಆರಂಭವಾದವು.

ಈ ಗದ್ದಲದಲ್ಲಿ ಅಭಿಮಾನ್ ಎಂಬ ಹೆಸರು ಮತ್ತೆ ಮತ್ತೆ ಕೇಳಿಬಂದರೂ ಅದನ್ನು ಕಟ್ಟಿದವರ ನೆನಪು ಹಿಂದೆ ಸರಿಯಿತು. ತಾರಾ ನಟರಿಗೆ ಸ್ಮಾರಕ, ಪ್ರತಿಮೆ, ರಸ್ತೆಗಳ ಗೌರವ ಸಲ್ಲುವ ನಾಡಿನಲ್ಲಿ ಪೋಷಕ ನಟರ ದುಡಿಮೆಯನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಬಾಲಣ್ಣ ಕಟ್ಟಬಯಸಿದ ಸ್ಟುಡಿಯೋ ಅಪೂರ್ಣವಾಗಿಯೇ ಉಳಿಯಿತು. ಅವರ ಅಭಿನಯವನ್ನು ಕಾಪಿಟ್ಟಿರುವುದು ಆ ಹಳೆಯ ಚಿತ್ರಗಳು. ಅವುಗಳ ಪ್ರತಿಗಳನ್ನು ಜೋಪಾನ ಮಾಡುವುದೇ ಅವರಿಗೆ ಸಲ್ಲಬೇಕಾದ ಮೊದಲ ಗೌರವ.