ಚಳಿಗೆ ಅರಿಜೋನಾ, ಬೇಸಿಗೆಗೆ ಮಿಷಿಗನ್, ನಡುವೆ ಮಕ್ಕಳ ಮನೆ: ಅಮೆರಿಕದ ‘ಫುಲ್‌ಟೈಮ್ ಆರ್‌ವಿ’ ಬದುಕು ಹೇಗಿರುತ್ತೆ?

ಇದ್ದ ಮನೆ ಮಾರಿ, ಸಾಮಾನು ಹಂಚಿ, ಚಕ್ರದ ಮೇಲಿನ ಮನೆಯಲ್ಲೇ ವರ್ಷವಿಡೀ ವಾಸಿಸುವವರನ್ನು ಅಮೆರಿಕದಲ್ಲಿ ‘ಫುಲ್‌ಟೈಮರ್’ ಎಂದು ಕರೆಯುತ್ತಾರೆ. ಇವರಲ್ಲಿ ನಿವೃತ್ತ ದಂಪತಿಗಳು ಬಹಳ ಮಂದಿ. ಇವರು ದಿನಾ ಊರೂರು ಸುತ್ತುತ್ತಿರುತ್ತಾರೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಹೆಚ್ಚಿನವರದ್ದು ಲೆಕ್ಕ ಹಾಕಿದ ಓಡಾಟ. ಚಳಿಗಾಲಕ್ಕೆ ದಕ್ಷಿಣದಲ್ಲೊಂದು ತಾಣ, ಬೇಸಿಗೆಗೆ ಉತ್ತರದಲ್ಲೊಂದು ತಾಣ. ಇವೆರಡರ ನಡುವಿನ ಕೆಲವು ವಾರಗಳು ಮಕ್ಕಳು, ಮೊಮ್ಮಕ್ಕಳು, ಹಳೆಯ ಸ್ನೇಹಿತರಿಗೆ ಮೀಸಲು.

ಮನೆ ಬಿಟ್ಟು ಹೊರಡುವವರ ದೊಡ್ಡ ಚಿಂತೆ ‘ನಮ್ಮವರಿಂದ ದೂರವಾಗುತ್ತೇವಾ?’ ಎಂಬುದೇ. ಆ ಚಿಂತೆಗೆ ಉತ್ತರ ಸಿಗುವುದು ಈ ನಡುವಿನ ವಾರಗಳಲ್ಲಿ. ಅದಕ್ಕೆ ಬೇಕಾದ ತಯಾರಿ ಏನು? ಇಲ್ಲಿದೆ ವಿವರ.

ಏನಿದು ಆರ್‌ವಿ?

ಆರ್‌ವಿ ಎಂದರೆ ರಿಕ್ರಿಯೇಷನಲ್ ವೆಹಿಕಲ್. ಹಾಸಿಗೆ, ಅಡುಗೆಮನೆ, ಶೌಚಾಲಯ, ನೀರಿನ ಟ್ಯಾಂಕ್ ಇರುವ ವಾಹನ. ಇದರಲ್ಲಿ ಎರಡು ಬಗೆ. ತಾನೇ ಓಡುವ ಮೋಟಾರ್‌ಹೋಮ್ ಒಂದು. ಪಿಕಪ್ ಟ್ರಕ್ ಅಥವಾ ಕಾರು ಎಳೆದೊಯ್ಯುವ ಟ್ರೇಲರ್ ಇನ್ನೊಂದು. ಮೋಟಾರ್‌ಹೋಮ್‌ಗಳಲ್ಲಿ ಬಸ್ಸಿನಷ್ಟು ದೊಡ್ಡದು ‘ಕ್ಲಾಸ್ ಎ’, ವ್ಯಾನ್ ಗಾತ್ರದ್ದು ‘ಕ್ಲಾಸ್ ಬಿ’, ಎರಡರ ನಡುವಿನದು ‘ಕ್ಲಾಸ್ ಸಿ’. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಈ ವಾಹನಗಳ ತಯಾರಿಕೆಗೆ ಹೆಸರಾದ ಊರು.

ಜೆಸ್ಸಿಕಾ ಬ್ರೂಡರ್ ಅವರ 2017ರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ ಈ ಬದುಕಿನ ಇನ್ನೊಂದು ಮುಖವನ್ನು ದಾಖಲಿಸಿತು. ಮನೆಯ ಖರ್ಚು ಭರಿಸಲಾಗದೆ ವ್ಯಾನ್ ಸೇರಿ, ಇಳಿವಯಸ್ಸಿನಲ್ಲೂ ದುಡಿಯುತ್ತ ಊರೂರು ಅಲೆಯುವವರ ಕಥೆ ಅದು. ಅದನ್ನು ಆಧರಿಸಿ ಕ್ಲೋಯಿ ಝಾವೋ ನಿರ್ದೇಶಿಸಿದ ಸಿನಿಮಾ 2021ರಲ್ಲಿ ಅತ್ಯುತ್ತಮ ಚಿತ್ರ ಆಸ್ಕರ್ ಗೆದ್ದಿತು. ಅಂದರೆ, ಎಲ್ಲರೂ ಇಷ್ಟಪಟ್ಟೇ ಈ ದಾರಿ ಹಿಡಿದವರಲ್ಲ.

ಚಳಿಗಾಲ ಎಲ್ಲಿ, ಬೇಸಿಗೆ ಎಲ್ಲಿ?

ಹಿಮ ಬೀಳುವ ರಾಜ್ಯಗಳು ಮತ್ತು ಕೆನಡಾದಿಂದ ಚಳಿಗಾಲದಲ್ಲಿ ದಕ್ಷಿಣಕ್ಕೆ ಬರುವವರಿಗೆ ‘ಸ್ನೋಬರ್ಡ್’ ಎಂಬ ಅಡ್ಡಹೆಸರಿದೆ. ಅರಿಜೋನಾ, ಫ್ಲಾರಿಡಾ, ಟೆಕ್ಸಾಸ್‌ನ ರಿಯೋ ಗ್ರಾಂಡ್ ಕಣಿವೆ ಇವರ ನೆಚ್ಚಿನ ಜಾಗಗಳು. ರಿಯೋ ಗ್ರಾಂಡ್ ಕಡೆಗೆ ಬರುವವರನ್ನು ಸ್ಥಳೀಯರು ‘ವಿಂಟರ್ ಟೆಕ್ಸನ್’ ಎಂದೇ ಕರೆಯುತ್ತಾರೆ.

ಅರಿಜೋನಾದ ಮರುಭೂಮಿ ಊರು ಕ್ವಾರ್ಟ್ಜ್‌ಸೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇಸಿಗೆಯಲ್ಲಿ ಬಿಕೋ ಎನ್ನುವ ಈ ಪುಟ್ಟ ಊರು ಜನವರಿ ಹೊತ್ತಿಗೆ ಆರ್‌ವಿಗಳಿಂದ ತುಂಬಿಹೋಗುತ್ತದೆ. ಊರ ಹೊರಗಿನ ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು ಫೆಡರಲ್ ಭೂ ಇಲಾಖೆ ಪರವಾನಗಿ ಕೊಡುತ್ತದೆ. ಇಡೀ ಋತುವಿಗೆ 180 ಡಾಲರ್, 14 ದಿನಕ್ಕೆ 40 ಡಾಲರ್ ಎಂಬ ದರ ಹಲವು ವರ್ಷ ಜಾರಿಯಲ್ಲಿತ್ತು. ಆದರೆ ಗಾಡಿಗೆ ವಿದ್ಯುತ್ ಅಥವಾ ನೀರಿನ ಸಂಪರ್ಕ ಇರುವುದಿಲ್ಲ. ಸೋಲಾರ್ ಫಲಕ, ಜನರೇಟರ್ ಸ್ವಂತದ್ದೇ ಆಗಬೇಕು. ಎಲ್ಲ ಸೌಲಭ್ಯ ಬೇಕೆಂದರೆ ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ತಿಂಗಳ ಬಾಡಿಗೆಗೆ ಜಾಗ ಹಿಡಿಯಬೇಕು.

ಬೇಸಿಗೆಯಲ್ಲಿ ಇದೇ ಮರುಭೂಮಿಯ ತಾಪಮಾನ 45 ಡಿಗ್ರಿ ದಾಟುವುದೂ ಉಂಟು. ಆಗ ಎಲ್ಲರ ಮುಖ ಉತ್ತರದತ್ತ. ಮಿಷಿಗನ್, ಮಿನೆಸೋಟ, ಒರೆಗಾನ್ ಕಡೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕೆಲವರು ‘ಕ್ಯಾಂಪ್ ಹೋಸ್ಟ್’ ಆಗಿ ದುಡಿಯುತ್ತಾರೆ. ಬಂದವರಿಗೆ ಜಾಗ ತೋರಿಸುವುದು, ಸ್ವಚ್ಛತೆ ನೋಡಿಕೊಳ್ಳುವುದು ಇವರ ಕೆಲಸ. ಅದಕ್ಕೆ ಪ್ರತಿಯಾಗಿ ಗಾಡಿ ನಿಲ್ಲಿಸಲು ಉಚಿತ ಜಾಗ ಸಿಗುತ್ತದೆ.

ನಡುವಿನ ದಾರಿ: ದೂರ ಎಷ್ಟು, ಖರ್ಚು ಎಷ್ಟು?

ಕ್ವಾರ್ಟ್ಜ್‌ಸೈಟ್‌ನಿಂದ ಮಿಷಿಗನ್‌ಗೆ ಸುಮಾರು 2,000 ಮೈಲಿ, ಅಂದರೆ 3,200 ಕಿ.ಮೀ. ದೊಡ್ಡ ಮೋಟಾರ್‌ಹೋಮ್ ಒಂದು ಗ್ಯಾಲನ್ ಇಂಧನದಲ್ಲಿ ಓಡುವುದು 7ರಿಂದ 10 ಮೈಲಿ. 8 ಮೈಲಿ ಎಂದು ಹಿಡಿದರೂ ಒಂದು ಬದಿಯ ಪ್ರಯಾಣಕ್ಕೇ 250 ಗ್ಯಾಲನ್, ಅಂದರೆ ಸುಮಾರು 950 ಲೀಟರ್ ಬೇಕು. ಹೀಗಾಗಿ ನೆಂಟರ ಮನೆಗಳನ್ನು ಈ ದಾರಿಯಲ್ಲೇ ಪೋಣಿಸಿಕೊಳ್ಳುತ್ತಾರೆ. ಬೇರೆ ದಿಕ್ಕಿನಲ್ಲಿರುವ ಮಗನ ಮನೆಗೆ ಗಾಡಿಯನ್ನು ಪಾರ್ಕ್‌ನಲ್ಲೇ ಬಿಟ್ಟು ವಿಮಾನದಲ್ಲಿ ಹೋಗುವುದು ಅಗ್ಗವಾಗಬಹುದು.

ಇವರಲ್ಲಿ ‘3-3-3’ ಎಂಬ ಸೂತ್ರ ಚಾಲ್ತಿಯಲ್ಲಿದೆ. ದಿನಕ್ಕೆ 300 ಮೈಲಿಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ 3ರೊಳಗೆ ತಲುಪಬೇಕು, ಒಂದೆಡೆ ಕನಿಷ್ಠ 3 ರಾತ್ರಿ ತಂಗಬೇಕು. ಹಾಗೆ ಹೋದರೆ ಈ ದಾರಿ ಸವೆಸಲು ಮೂರು ವಾರ ಹಿಡಿಯುತ್ತದೆ.

ಮಗಳ ಮನೆ ಮುಂದೆ ಅಪ್ಪ–ಅಮ್ಮನ ಮನೆ

ನೆಂಟರ ಡ್ರೈವ್‌ವೇಯಲ್ಲಿ ಪುಕ್ಕಟೆ ಗಾಡಿ ನಿಲ್ಲಿಸುವುದನ್ನು ಆರ್‌ವಿ ಮಂದಿ ತಮಾಷೆಗೆ ‘ಮೂಚ್‌ಡಾಕಿಂಗ್’ ಎನ್ನುತ್ತಾರೆ. ಇದರ ಅನುಕೂಲ ದೊಡ್ಡದು. ಮಗಳ ಮನೆಯಲ್ಲಿ ಕೋಣೆ ಖಾಲಿ ಮಾಡಿಸಬೇಕಿಲ್ಲ. ಬೆಳಗಿನ ಕಾಫಿ, ಔಷಧಿ, ನಿದ್ದೆ ಎಲ್ಲವೂ ತಮ್ಮದೇ ಮನೆಯಲ್ಲಿ. ಮೊಮ್ಮಕ್ಕಳು ಶಾಲೆಯಿಂದ ಬಂದ ಮೇಲೆ ಒಳಗೂ ಹೊರಗೂ ಓಡಾಟ.

ಅಮೆರಿಕದಲ್ಲಿ ಮಕ್ಕಳಿರುವ ಕನ್ನಡಿಗ ತಂದೆ–ತಾಯಿಗೆ ಈ ಅನುಕೂಲದ ಬೆಲೆ ಬೇಗ ಅರ್ಥವಾದೀತು. ಬಿ–2 ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ. ಅಷ್ಟೂ ದಿನ ಮಕ್ಕಳ ಮನೆಯಲ್ಲಿ, ಅವರ ವೇಳಾಪಟ್ಟಿಗೆ ಹೊಂದಿಕೊಂಡೇ ಇರಬೇಕು. ಅಡುಗೆಮನೆ ಯಾರದ್ದು ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಆರ್‌ವಿಯಲ್ಲಿ ಬಂದವರಿಗೆ ಆ ಪ್ರಶ್ನೆ ಅಷ್ಟಾಗಿ ಕಾಡದು.

ಆದರೆ ಹೊರಡುವ ಮುನ್ನವೇ ಫೋನಿನಲ್ಲಿ ಕೇಳಿ ತಿಳಿಯಬೇಕಾದ ಸಂಗತಿಗಳಿವೆ:

* ಬಡಾವಣೆ ನಿಯಮ: ಮನೆ ಮಾಲೀಕರ ಸಂಘವಿರುವ ಅನೇಕ ಬಡಾವಣೆಗಳಲ್ಲಿ ಆರ್‌ವಿ ನಿಲ್ಲಿಸುವಂತಿಲ್ಲ, ಅಥವಾ ಒಂದೆರಡು ದಿನಕ್ಕಷ್ಟೇ ಅವಕಾಶ. ಕೆಲವು ನಗರಗಳಲ್ಲಿ ರಸ್ತೆಬದಿ ನಿಲುಗಡೆಗೂ ಮಿತಿ ಇದೆ. ದಂಡ ಬೀಳುವುದು ಮಗಳಿಗೆ.
* ಜಾಗ: ದೊಡ್ಡ ಗಾಡಿಗಳ ಉದ್ದ 40 ಅಡಿ ಮುಟ್ಟುತ್ತದೆ, ಎತ್ತರ 13 ಅಡಿ ದಾಟುತ್ತದೆ. ತಗ್ಗಿದ ಕೊಂಬೆ, ತಂತಿ, ಇಳಿಜಾರಾದ ಡ್ರೈವ್‌ವೇ ಇದ್ದರೆ ಒಳಗೆ ತರುವುದು ಕಷ್ಟ.
* ವಿದ್ಯುತ್: ಆರ್‌ವಿಗೆ ಬೇಕಾದದ್ದು 30 ಅಥವಾ 50 ಆಂಪ್ ಸಂಪರ್ಕ. ಮನೆಯ ಸಾಮಾನ್ಯ ಸಾಕೆಟ್ 15 ಅಥವಾ 20 ಆಂಪ್. 15 ಆಂಪ್‌ನಲ್ಲಿ ಸಿಗುವುದು ಹೆಚ್ಚೆಂದರೆ 1,800 ವಾಟ್. ದೀಪ, ಬ್ಯಾಟರಿ ಚಾರ್ಜಿಂಗ್‌ಗೆ ಸಾಕು. ಎಸಿ, ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ತೆಳುವಾದ ಎಕ್ಸ್‌ಟೆನ್ಷನ್ ವೈರ್ ಬಿಸಿಯಾಗಿ ಬೆಂಕಿಯ ಅಪಾಯವೂ ಇದೆ.
* ಕೊಳಚೆ ನೀರು: ಶೌಚಾಲಯದ್ದು ‘ಬ್ಲ್ಯಾಕ್ ಟ್ಯಾಂಕ್’, ಸ್ನಾನ–ಪಾತ್ರೆಯದ್ದು ‘ಗ್ರೇ ಟ್ಯಾಂಕ್’ ಸೇರುತ್ತದೆ. ಇವನ್ನು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಬೇಕು. ಎಷ್ಟು ದಿನ ಇರಬಹುದು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಇದೇ.
* ದಿನಗಳ ಲೆಕ್ಕ: ಬರುವ ದಿನದ ಜೊತೆಗೆ ಹೊರಡುವ ದಿನವನ್ನೂ ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನಿರಾಳ.

ಜಾಗ ಸಾಲದಿದ್ದರೆ ಹತ್ತಿರದ ಆರ್‌ವಿ ಪಾರ್ಕ್‌ನಲ್ಲಿ ತಂಗಿ ಕಾರಿನಲ್ಲಿ ಬಂದುಹೋಗುವುದೇ ಸರಿಯಾದ ದಾರಿ.

ವಿಳಾಸ, ವಿಮೆ, ಮತ

ಮನೆ ಇಲ್ಲದಿದ್ದರೂ ಕಾನೂನಿಗೆ ಒಂದು ವಿಳಾಸ ಬೇಕು. ಡ್ರೈವಿಂಗ್ ಲೈಸೆನ್ಸ್, ತೆರಿಗೆ, ಮತದಾನ ಎಲ್ಲಕ್ಕೂ ಅದೇ ಆಧಾರ. ಫುಲ್‌ಟೈಮರ್‌ಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಟೆಕ್ಸಾಸ್, ಫ್ಲಾರಿಡಾ, ಸೌತ್ ಡಕೋಟಾ. ಈ ಮೂರರಲ್ಲೂ ರಾಜ್ಯ ಆದಾಯ ತೆರಿಗೆ ಇಲ್ಲ. ಪತ್ರಗಳನ್ನು ಸಂಗ್ರಹಿಸಿ, ಇದ್ದಲ್ಲಿಗೆ ಕಳಿಸುವ ಸೇವೆಗಳೂ ಇವೆ. 1978ರಲ್ಲಿ ಆರಂಭವಾದ ‘ಎಸ್ಕೇಪೀಸ್’ ಎಂಬ ಆರ್‌ವಿ ಕ್ಲಬ್ ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಿಂದ ಈ ಸೇವೆ ನೀಡುತ್ತದೆ.

ಆರೋಗ್ಯ ವಿಮೆಯಲ್ಲಿ ಎಚ್ಚರ ಬೇಕು. 65 ದಾಟಿದವರಿಗೆ ಸಿಗುವ ಮೂಲ ಮೆಡಿಕೇರ್, ಅದನ್ನು ಒಪ್ಪುವ ದೇಶದ ಯಾವುದೇ ವೈದ್ಯರಲ್ಲಿ ನಡೆಯುತ್ತದೆ. ಖಾಸಗಿ ಕಂಪನಿಗಳ ‘ಮೆಡಿಕೇರ್ ಅಡ್ವಾಂಟೇಜ್’ ಯೋಜನೆಗಳಲ್ಲಿ ಹಲವು, ನಿರ್ದಿಷ್ಟ ಪ್ರದೇಶದ ಆಸ್ಪತ್ರೆಗಳಿಗೆ ಸೀಮಿತ. ಕೆನಡಾದವರಿಗೆ ಇನ್ನೊಂದು ಲೆಕ್ಕವಿದೆ: ಒಂಟಾರಿಯೊದ ಸರ್ಕಾರಿ ವಿಮೆ ಉಳಿಯಬೇಕೆಂದರೆ 12 ತಿಂಗಳಲ್ಲಿ 153 ದಿನ ಆ ಪ್ರಾಂತ್ಯದಲ್ಲೇ ಇರಬೇಕು.

ನಿಲ್ಲಿಸುವುದು ಯಾವಾಗ?

ಕಣ್ಣು ಮಂಜಾದಾಗ, ಮೊಣಕಾಲು ಸೋತಾಗ, ಇಬ್ಬರಲ್ಲಿ ಒಬ್ಬರು ಇಲ್ಲವಾದಾಗ ಚಕ್ರ ನಿಲ್ಲಲೇಬೇಕು. ಆರ್‌ವಿಯ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ. ಮಾರಿದ ಮನೆಯ ಬೆಲೆ ಅಷ್ಟರಲ್ಲಿ ಏರಿರಬಹುದು, ಹಳೆಯ ಬಡಾವಣೆಗೆ ಮರಳುವುದು ಕೈಗೆಟುಕದೆ ಹೋಗಬಹುದು. ಇದನ್ನು ಅರಿತೇ ಲಿವಿಂಗ್‌ಸ್ಟನ್‌ನಲ್ಲಿ ‘ಕೇರ್’ ಎಂಬ ಕೇಂದ್ರವಿದೆ. ಪ್ರಯಾಣ ನಿಲ್ಲಿಸಿದ ಹಿರಿಯರು ಅಲ್ಲಿ ತಮ್ಮ ಆರ್‌ವಿಯಲ್ಲೇ ಉಳಿದು ಊಟ, ಆರೈಕೆ ಪಡೆಯಬಹುದು.

ಮನೆ ಮಾರುವ ಮುನ್ನ ಒಂದು ವರ್ಷ ಅದನ್ನು ಬಾಡಿಗೆಗೆ ಕೊಟ್ಟು ಹೊರಟು ನೋಡುವುದು ಒಳ್ಳೆಯ ದಾರಿ. ಒಂದು ಚಳಿಗಾಲ, ಒಂದು ಬೇಸಿಗೆ, ನಡುವೆ ಮಕ್ಕಳ ಮನೆಗೆ ಎರಡು ಭೇಟಿ ಮುಗಿಯುವಷ್ಟರಲ್ಲಿ ಈ ಬದುಕು ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ‘ಓಡಿಸಲಾಗದ ದಿನ ಎಲ್ಲಿರುತ್ತೀರಿ?’ ಎಂಬ ಪ್ರಶ್ನೆಯನ್ನು ಮಕ್ಕಳೊಂದಿಗೆ ಕೂತು ಮಾತಾಡಲೂ ಆ ಎರಡು ಭೇಟಿಗಳೇ ಸರಿಯಾದ ಸಮಯ.